ಬಸುರಿ, ಹೆರಿಗೆ ಮತ್ತು ಔಷಧಿ ಅಧ್ಯಯನ: ಕಲಬುರಗಿ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಅಂಗನವಾಡಿಯ ತಾಯಂದಿರ ಸಭೆಯಲ್ಲಿ, ಆಶಾ ಕಾರ್ಯಕರ್ತೆಯರ ತಿಂಗಳ ಮೀಟಿಂಗಿನಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಇಟ್ಟಿದೆ. ಮೊದಲು ಮನೆಯವರ ಪ್ರಶ್ನೆಗಳು, ಆಮೇಲೆ ಆಶಾ ಮತ್ತು ನರ್ಸ್‌ಗಳವು, ಕೊನೆಗೆ ಅಧ್ಯಯನ ಮಾಡಲು ಹೊರಟವರವು. ಔಷಧಿಯ ಪ್ರಮಾಣಗಳನ್ನು ತಿಳಿವಳಿಕೆಗಾಗಿ ಬರೆದಿದೆ. ಕೊಡುವ ಕೈ ಮಾತ್ರ ತರಬೇತಿ ಪಡೆದವರದೇ ಆಗಿರಬೇಕು.

## ಮನೆಯವರು ಕೇಳುವವು

ಸೊಸಿಗೆ ಏಳು ತಿಂಗಳ. ದವಾಖಾನ್ಯಾಗ "ಅಧ್ಯಯನಕ್ಕ ಸೇರ್ತೀರೇನ್ರಿ" ಅಂದ್ರು. ಹಂಗಂದ್ರ ಏನು?

ಈಗ ಕೊಡುತ್ತಿರುವ ಆರೈಕೆಯನ್ನೂ ಹೊಸದೊಂದನ್ನೂ ಅಕ್ಕಪಕ್ಕ ಇಟ್ಟು, ಯಾವುದರಿಂದ ತಾಯಿ ಮಗುವಿಗೆ ಹೆಚ್ಚು ಒಳಿತು ಎಂದು ಎಣಿಸಿ ನೋಡುವ ಕೆಲಸಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಎಲ್ಲ ಅಧ್ಯಯನದಲ್ಲೂ ಔಷಧಿ ಇರುವುದಿಲ್ಲ. ಕೆಲವರು ಪ್ರಶ್ನೆ ಕೇಳಿ ಬರೆದುಕೊಂಡು ಹೋಗುತ್ತಾರೆ, ಕೆಲವರು ಹೆರಿಗೆಯ ದಾಖಲೆಯನ್ನಷ್ಟೇ ನೋಡುತ್ತಾರೆ. ಆದ್ದರಿಂದ ನೀವು ಕೇಳಬೇಕಾದ ಮೊದಲ ಮಾತು: "ಇದರಾಗ ಔಷಧ ಅದೇನು, ಬರೇ ಮಾಹಿತಿ ಬರಕೊಳ್ಳೋದೇನು?"

ಎರಡನೆಯದಾಗಿ ಕಾಗದ ಕೇಳಿ. ಅಧ್ಯಯನ ನಡೆಸುವವರ ಹೆಸರು, ಅವರ ಫೋನ್ ನಂಬರು, ಅಧ್ಯಯನ ನ್ಯಾಯವಾಗಿದೆಯೇ ಎಂದು ನೋಡಿ ಅನುಮತಿ ಕೊಡುವ ನೀತಿ ಸಮಿತಿಯ ಫೋನ್ ನಂಬರು ಅದರಲ್ಲಿರಬೇಕು. ಔಷಧಿ ಪರೀಕ್ಷೆಯಾಗಿದ್ದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ಎಂದು ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ನಮ್ಮ ದೇಶದಲ್ಲಿ 2009ರ ಜೂನ್ 15ರಿಂದ ಈ ನೋಂದಣಿ ಕಡ್ಡಾಯ. ಆ ಸಂಖ್ಯೆ ಹಾಕಿದರೆ ಮೊಬೈಲಿನಲ್ಲೇ ಯಾರು ಬೇಕಾದರೂ ವಿವರ ನೋಡಬಹುದು. ಮನೆಯಲ್ಲಿ ಕಾಲೇಜು ಓದುವ ಹುಡುಗ ಹುಡುಗಿ ಇದ್ದರೆ ಅವರಿಂದ ನೋಡಿಸಿ.

ನಮ್ಮ ಹೆಣ್ಮಕ್ಕಳ ಮ್ಯಾಲೇ ಯಾಕ ಪರೀಕ್ಷಾ ಮಾಡಬೇಕು? ಯಾವ ಔಷಧ ಛಲೋ ಅಂತ ಡಾಕ್ಟ್ರಿಗೆ ಗೊತ್ತಿರಂಗಿಲ್ಲೇನು?

ಎಷ್ಟೋ ಸಲ ಗೊತ್ತಿರುವುದಿಲ್ಲ. ಗೊತ್ತಿದೆ ಎಂದುಕೊಂಡು ಕೊಟ್ಟದ್ದರಿಂದಲೇ ದೊಡ್ಡ ಅನಾಹುತಗಳಾಗಿವೆ. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಂತಿಗೆಂದು ಯುರೋಪಿನಲ್ಲಿ ಥಾಲಿಡೊಮೈಡ್ ಕೊಟ್ಟರು; ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ಅದನ್ನು ಹಿಂತೆಗೆದುಕೊಂಡರು. ಗರ್ಭಪಾತ ತಡೆಯುತ್ತದೆಂದು ಅಮೆರಿಕದಲ್ಲಿ ಕೊಡುತ್ತಿದ್ದ ಡಿಇಎಸ್ ಎಂಬ ಗುಳಿಗೆಯಿಂದ ಏನೂ ಉಪಯೋಗವಿಲ್ಲ ಎಂದು 1953ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಆದರೂ 1971ರವರೆಗೆ ಕೊಟ್ಟರು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡ ಮೇಲೆ ನಿಲ್ಲಿಸಿದರು.

ಇನ್ನೊಂದು ಬದಿಯನ್ನೂ ನೋಡಿ. ಬಿ.ಪಿ. ಏರಿದ ಬಸುರಿಗೆ ಫಿಟ್ಸ್ ಬರದಂತೆ ಮ್ಯಾಗ್ನೀಷಿಯಂ ಸಲ್ಫೇಟ್ ತಡೆಯುತ್ತದೆಯೇ ಎಂದು 33 ದೇಶಗಳ 10,141 ಹೆಣ್ಣುಮಕ್ಕಳಲ್ಲಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು: ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಇವತ್ತು ಆಳಂದದಿಂದಲೋ ಸುರಪುರದಿಂದಲೋ ಬಿ.ಪಿ. ಹೆಚ್ಚಾದವಳನ್ನು ದೊಡ್ಡ ದವಾಖಾನೆಗೆ ಕಳಿಸುವ ಮೊದಲು ಎರಡೂ ಚಪ್ಪೆಗೆ ಕೊಡುವ ಇಂಜೆಕ್ಷನ್ ಅದೇ.

ಒಲ್ಲೆ ಅಂದ್ರ ಬೆಡ್ ಕೊಡಂಗಿಲ್ಲ, ಗಾಡಿ ಕಳಸಂಗಿಲ್ಲ ಅಂತ ಅಂಜಿಕಿ ಅದ.

ಅಂಜಬೇಡಿ. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ವಾಹನ ಇವೆಲ್ಲ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅದು ನಿಮ್ಮ ಹಕ್ಕು. ಅಧ್ಯಯನಕ್ಕೂ ಅದಕ್ಕೂ ಗಂಟು ಹಾಕುವಂತಿಲ್ಲ. ಯಾರಾದರೂ ಹಾಗೆ ಹೇಳಿದರೆ ಕಾಗದದಲ್ಲಿರುವ ನೀತಿ ಸಮಿತಿಯ ನಂಬರಿಗೆ ಫೋನ್ ಮಾಡಿ, ಹೇಳಿದವರು ಯಾರು, ಯಾವ ದಿನ ಎಂದು ತಿಳಿಸಿ.

ಸೇರಿದ ಮೇಲೂ ನಡುವೆ ಬಿಡಬಹುದು. ಕಾರಣ ಹೇಳಬೇಕಿಲ್ಲ. ಆದರೆ ಬಿಡುವ ದಿನ ಒಂದು ಮಾತು ತಿಳಿಸಿ, ಉಳಿದ ಗುಳಿಗೆ ವಾಪಸು ಕೊಡಿ. ಕೆಲವು ಔಷಧಿಗಳನ್ನು ತಟ್ಟನೆ ನಿಲ್ಲಿಸುವಾಗ ಬಿ.ಪಿ. ನೋಡಿಕೊಳ್ಳಬೇಕಾಗುತ್ತದೆ.

ಆಕಿ ಸಾಲಿ ಕಲ್ತಿಲ್ಲ. ಸಹಿ ನಾ ಮಾಡಿದ್ರ ನಡೀತದೇನು?

ನಡೆಯುವುದಿಲ್ಲ. ಹದಿನೆಂಟು ತುಂಬಿದ, ಎಚ್ಚರವಿರುವ ಹೆಣ್ಣುಮಗಳ ಒಪ್ಪಿಗೆ ಅವಳದೇ. ಗಂಡ, ಅತ್ತೆ, ಅಪ್ಪ ಯಾರೂ ಅವಳ ಪರವಾಗಿ ಸಹಿ ಹಾಕುವಂತಿಲ್ಲ. ಓದಲು ಬಾರದಿದ್ದರೆ ಹೆಬ್ಬೆಟ್ಟು ಸಾಕು, ಆದರೆ ಅಧ್ಯಯನದ ತಂಡಕ್ಕೆ ಸೇರದ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಓದಿ ಹೇಳುವುದು ಶುರುವಾದಾಗಿನಿಂದ ಮುಗಿಯುವವರೆಗೆ ಅಲ್ಲೇ ಕೂತಿದ್ದು, ತಾನೂ ಸಹಿ ಮತ್ತು ತಾರೀಖು ಹಾಕಬೇಕು. ಎಲ್ಲ ಮುಗಿದ ಮೇಲೆ ವರಾಂಡದಿಂದ ಯಾರನ್ನೋ ಕರೆದು ಸಹಿ ಹಾಕಿಸಿದರೆ ಆ ಒಪ್ಪಿಗೆಗೆ ಬೆಲೆಯಿಲ್ಲ. ವಯಸ್ಸು ಹದಿನೆಂಟರ ಒಳಗಿದ್ದರೆ ಪಾಲಕರ ಸಹಿಯೂ ಬೇಕು, ಅವಳ ಸಮ್ಮತಿಯೂ ಬೇಕು.

ಮನೆಯವರು ಕೂತು ಮಾತಾಡುವುದು ಬೇರೆ, ಅದು ಒಳ್ಳೆಯದೇ. ಕಾಗದ ಮನೆಗೆ ಒಯ್ದು ಎರಡು ದಿನ ವಿಚಾರ ಮಾಡಿ ಬನ್ನಿ. ಬ್ಯಾನಿ (ಹೆರಿಗೆ ನೋವು) ತಿನ್ನುತ್ತಿರುವ ಹೊತ್ತಿನಲ್ಲಿ ಒಪ್ಪಿಗೆ ಕೇಳುವುದು ತಪ್ಪು. ಹೆರಿಗೆ ಸಮಯದ ಅಧ್ಯಯನವಾದರೆ ಎಂಟನೇ ತಿಂಗಳ ತಪಾಸಣೆಯಲ್ಲೇ ವಿಷಯ ತಿಳಿಸಿ, ಹೆರಿಗೆಗೆ ಬಂದಾಗ "ಈಗಲೂ ಒಪ್ಪಿಗೆ ಅದ ಏನವ್ವ" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುವುದೇ ಸರಿಯಾದ ಕ್ರಮ.

ಚೀಟಿ ಎತ್ತಿ ಔಷಧ ಕೊಡ್ತಾರಂತ. ಜೀವದ ವಿಷಯದಾಗ ಲಾಟರಿ ಏನ್ರಿ?

ಎರಡರಲ್ಲಿ ಯಾವುದು ಮೇಲು ಎಂದು ಯಾರಿಗೂ ನಿಜವಾಗಿ ಗೊತ್ತಿಲ್ಲದಾಗ ಮಾತ್ರ ಚೀಟಿ ಎತ್ತಬಹುದು. ಒಂದು ಉತ್ತಮ ಎಂದು ಮೊದಲೇ ಗೊತ್ತಿದ್ದರೆ ಎತ್ತುವುದು ಅನ್ಯಾಯ, ನೀತಿ ಸಮಿತಿ ಅದಕ್ಕೆ ಅನುಮತಿಯನ್ನೂ ಕೊಡಬಾರದು. ಡಾಕ್ಟರ ಮನಸ್ಸಿಗೆ ಬಿಟ್ಟರೆ ಏನಾಗುತ್ತದೆ ನೋಡಿ: ತೀರ ನಿಶ್ಶಕ್ತಳಾದವಳಿಗೆ ಹೊಸ ಔಷಧಿ, ಗಟ್ಟಿಮುಟ್ಟಾದವಳಿಗೆ ಹಳೆಯದು ಎಂದು ತಿಳಿಯದೆಯೇ ಹಂಚಿಬಿಡುತ್ತಾರೆ. ಕೊನೆಯಲ್ಲಿ ಹೊಸ ಔಷಧಿಯ ಗುಂಪಿನಲ್ಲಿ ಹೆಚ್ಚು ತೊಂದರೆ ಕಾಣುತ್ತದೆ. ತಪ್ಪು ಔಷಧಿಯದೋ ನಿಶ್ಶಕ್ತಿಯದೋ ತಿಳಿಯುವುದೇ ಇಲ್ಲ. ಚೀಟಿಗೆ ಮುಖ ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಅದರಿಂದಲೇ ಎರಡೂ ಗುಂಪು ಸಮವಾಗುತ್ತವೆ.

ನನಗ ಸುಳ್ಳು ಗುಳಿಗಿ ಬಂದ್ರ?

ಔಷಧಿಯಿಲ್ಲದ ಗುಳಿಗೆಯನ್ನು ಕೊಡಬಹುದಾದದ್ದು ಆ ತೊಂದರೆಗೆ ರೂಢಿಯಲ್ಲಿರುವ ಬೇರೆ ಪರಿಣಾಮಕಾರಿ ಔಷಧಿ ಇಲ್ಲದಾಗ ಅಥವಾ ರೂಢಿಯ ಔಷಧಿಯನ್ನು ಎಲ್ಲರಿಗೂ ಕೊಟ್ಟು, ಅದರ ಮೇಲೆ ಇನ್ನೊಂದನ್ನು ಸೇರಿಸಿ ನೋಡುವಾಗ. ನಮ್ಮ ಉತ್ತರ ಕರ್ನಾಟಕದ್ದೇ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಹೆತ್ತ ಮೇಲೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ 600 ಮೈಕ್ರೊಗ್ರಾಂ, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟರು. ಆಗ ಅಂಥ ಹೆರಿಗೆಗಳಲ್ಲಿ ರಕ್ತ ನಿಲ್ಲಿಸುವ ಯಾವ ಔಷಧಿಯೂ ರೂಢಿಯಲ್ಲಿರಲಿಲ್ಲ. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು, 2006ರಲ್ಲಿ ಅದು ಪ್ರಕಟವಾಯಿತು. ಇವತ್ತು ಅದೇ ಅಧ್ಯಯನವನ್ನು ಹುಸಿ ಗುಳಿಗೆ ಇಟ್ಟು ಮಾಡುವಂತಿಲ್ಲ, ಏಕೆಂದರೆ ಈಗ ಉತ್ತರ ಗೊತ್ತಿದೆ.

ಸೇರಿದ ಮ್ಯಾಲ ತೊಂದ್ರಿ ಆದ್ರ ಖರ್ಚು ಯಾರ ಮ್ಯಾಲ?

ಮೊದಲು ಹತ್ತಿರದ ದವಾಖಾನೆಗೆ ಹೋಗಿ, ಆಮೇಲೆ ಫೋನ್ ಮಾಡಿ. ಅಧ್ಯಯನದ ಕಾಗದವನ್ನು ತಾಯಿ ಕಾರ್ಡಿನೊಳಗೇ ಇಟ್ಟುಕೊಂಡಿರಿ, ರಾತ್ರಿ ಹೊತ್ತು ಹುಡುಕುವುದು ತಪ್ಪುತ್ತದೆ. ಹೊಸ ಔಷಧಿಗಳ ಪರೀಕ್ಷೆಗೆ 2019ರ ನಿಯಮಗಳಿವೆ: ಆಸ್ಪತ್ರೆ ಸೇರುವಂಥ ತೊಂದರೆ ಅಥವಾ ಸಾವು ಸಂಭವಿಸಿದರೆ ಅಧ್ಯಯನದ ವೈದ್ಯರು 24 ಗಂಟೆಯೊಳಗೆ ನೀತಿ ಸಮಿತಿಗೂ ಸರ್ಕಾರಿ ಔಷಧ ನಿಯಂತ್ರಕರಿಗೂ ವರದಿ ಮಾಡಬೇಕು. ಚಿಕಿತ್ಸೆ ಉಚಿತ. ಅಧ್ಯಯನದಿಂದಲೇ ಹಾನಿಯಾಯಿತು ಎಂದು ತೀರ್ಮಾನವಾದರೆ ಪರಿಹಾರವೂ ಸಿಗಬೇಕು. ಬಸ್ ಚಾರ್ಜು, ಹೋದ ದಿನದ ಕೂಲಿ ಕೊಡುವುದು ಬೇರೆ ಲೆಕ್ಕ. ಅದನ್ನು ಕೊಟ್ಟಿದ್ದೇವೆ, ಪರಿಹಾರ ಮುಗಿಯಿತು ಎನ್ನಲಾಗದು.

ರಕ್ತ ಕಮ್ಮಿ ಅದ ಅಂತಾರ. ಗುಳಿಗಿ ತಿಂದ್ರ ಹೊಟ್ಟಿ ತೊಳಸ್ತದ. ಬಾಟ್ಲಿ ಹಚ್ಚಿದ್ರ ಆಗಲ್ಲೇನು?

ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ, 7ಕ್ಕಿಂತ ಕೆಳಗಿದ್ದರೆ ಅಪಾಯ. ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆ ಇದ್ದವರಿಗೆ ದಿನಕ್ಕೆ ಎರಡು.

ಗುಳಿಗೆ ಕೆಲಸ ಮಾಡದಿರಲು ನಮ್ಮ ಕಡೆ ಮುಖ್ಯ ಕಾರಣ ಚಹಾ. ಗುಳಿಗೆ ನುಂಗಿ ಮೇಲೊಂದು ಕಪ್ ಚಹಾ ಕುಡಿದರೆ ಕಬ್ಬಿಣ ಹೊಟ್ಟೆಯಲ್ಲೇ ಕಟ್ಟಿಹೋಗುತ್ತದೆ. ಒಂದು ತಾಸು ಅಂತರ ಇಡಿ. ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ರಾತ್ರಿ ಮಲಗುವಾಗ ಎಂದು ಹಂಚಿಕೊಳ್ಳಿ. ಕಬ್ಬಿಣವನ್ನು ಲಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಒಳ್ಳೆಯದು. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಿ, ಸ್ವಲ್ಪ ಕಡಿಮೆ ಹತ್ತಿದರೂ ಬಿಡುವುದಕ್ಕಿಂತ ಮೇಲು. ಮಲ ಕಪ್ಪಗಾದರೆ ಹೆದರಬೇಡಿ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಲೆ, ಶೇಂಗಾ ಎಲ್ಲ ಬೇಕು, ಆದರೆ 8ಕ್ಕೆ ಇಳಿದ ರಕ್ತವನ್ನು ಊಟವೊಂದೇ ಮೇಲಕ್ಕೆ ತರಲಾರದು.

ತಿಂಗಳು ಸರಿಯಾಗಿ ತಿಂದರೂ ಹಿಮೋಗ್ಲೋಬಿನ್ ಒಂದು ಅಂಕಿಯಷ್ಟಾದರೂ ಏರದಿದ್ದರೆ ನರಕ್ಕೆ ಹಾಕುವ ಕಬ್ಬಿಣದ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಮೊದಲ ಮೂರು ತಿಂಗಳು ಹಾಕುವುದಿಲ್ಲ. ಹಾಕಿದ ಮೇಲೆ ಅರ್ಧ ತಾಸು ದವಾಖಾನೆಯಲ್ಲೇ ಕೂರಿಸಿ ನೋಡಬೇಕು. ಗುಳಿಗೆ ಮೇಲೋ ನರಕ್ಕೆ ಒಂದೇ ಸಲ ಹಾಕುವ ಕಬ್ಬಿಣ ಮೇಲೋ ಎಂದು ಹೋಲಿಸುವ ದೊಡ್ಡ ಅಧ್ಯಯನ ನಡೆದದ್ದು ಕರ್ನಾಟಕ ಮತ್ತು ರಾಜಸ್ಥಾನದಲ್ಲೇ.

## ಆಶಾ ಮತ್ತು ನರ್ಸ್‌ಗಳು ಕೇಳುವವು

ಕೊನೀ ಮುಟ್ಟು ಯಾವಾಗ ಅಂದ್ರ "ಪಂಚಮಿ ಮುಂದ" ಅಂತಾರ. ಏನಂತ ಬರಕೊಳ್ಳೋದು?

ಅದು ಒಳ್ಳೆಯ ಉತ್ತರವೇ, ಬಳಸಿಕೊಳ್ಳಲು ಬರಬೇಕು ಅಷ್ಟೆ. ಪ್ರತಿ ವರ್ಷ ಒಂದು ಸ್ಥಳೀಯ ಕ್ಯಾಲೆಂಡರ್ ಮಾಡಿಕೊಳ್ಳಿ: ಎಳ್ಳ ಅಮಾಸಿ, ಶರಣಬಸವೇಶ್ವರ ಜಾತ್ರೆ, ಯುಗಾದಿ, ಕಾರಹುಣ್ಣಿಮೆ, ನಾಗರ ಪಂಚಮಿ, ಮೊಹರಂ, ರಮಜಾನ್, ಬಂದೇನವಾಜ್ ಉರುಸು, ನಿಮ್ಮೂರಿನ ಜಾತ್ರೆ, ತೊಗರಿ ರಾಶಿ ಶುರುವಾದ ವಾರ. ಪ್ರತಿಯೊಂದರ ಎದುರು ಆ ವರ್ಷದ ತಾರೀಖು. ಮೊಹರಂ, ಉರುಸುಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಹಳೆಯ ಪಟ್ಟಿ ಬಳಸಿದರೆ ಎರಡೇ ವರ್ಷದಲ್ಲಿ ಮೂರು ವಾರದ ತಪ್ಪಾಗುತ್ತದೆ. ಆಮೇಲೆ "ಹಬ್ಬಕ್ಕಿಂತ ಮುಂಚೇನೋ ಆದ ಮ್ಯಾಲೋ, ಎಷ್ಟು ದಿನ" ಎಂದು ಕೇಳಿ. ತಾರೀಖು ಹೇಗೆ ಸಿಕ್ಕಿತು ಎಂದೂ ಬರೆಯಿರಿ: ನೆನಪಿನದೋ, ಹಬ್ಬದ ಮೇಲಿನ ಲೆಕ್ಕವೋ, ಸ್ಕ್ಯಾನಿಂಗ್‌ನದೋ.

ಸ್ಕ್ಯಾನಿಂಗ್ ಬೇಗ ಆದಷ್ಟೂ ಖಾತ್ರಿ. 14 ವಾರದೊಳಗಿನ ಸ್ಕ್ಯಾನ್ 5ರಿಂದ 7 ದಿನ ಆಚೀಚೆ ಆಗಬಹುದು. ಏಳು ತಿಂಗಳ ನಂತರದ್ದು 21 ದಿನದವರೆಗೂ ತಪ್ಪಬಹುದು. ಎಂಟನೇ ತಿಂಗಳ ಸ್ಕ್ಯಾನ್ ನೋಡಿ ಮೊದಲಿನ ತಾರೀಖನ್ನು ಹೊಡೆದುಹಾಕುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು. ಅಧ್ಯಯನಕ್ಕೆಂದು ಮಾಡುವ ಸ್ಕ್ಯಾನ್ ಕೂಡ ನೋಂದಾಯಿತ ಕೇಂದ್ರದಲ್ಲೇ, ಫಾರಂ ಎಫ್ (ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ನಮೂನೆ) ತುಂಬಿಯೇ ಆಗಬೇಕು.

ಇಷ್ಟು ವರ್ಷ ಹೆರಿಗಿ ಮಾಡಿಸೇವಿ, ರಕ್ತ ಎಷ್ಟು ಹೋತು ಅಂತ ಕಣ್ಣಿಗೆ ತಿಳೀತದ. ಅಳತಿ ಚೀಲ ಯಾಕ?

ಕಣ್ಣು ಸುಳ್ಳು ಹೇಳುವುದು ಹೆಚ್ಚು ರಕ್ತ ಹೋದಾಗಲೇ. ಸ್ವಲ್ಪ ಹೋದರೆ ಅಂದಾಜು ಹೆಚ್ಚುಕಡಿಮೆ ಸರಿ ಬರುತ್ತದೆ, ಲೀಟರ್ ಹತ್ತಿರ ಹೋದಾಗ ಅರ್ಧವೇ ಕಾಣುತ್ತದೆ. ಬಟ್ಟೆ ಹೀರಿಕೊಂಡದ್ದು, ನೆಲಕ್ಕೆ ಬಿದ್ದದ್ದು, ಬಕೆಟ್ಟಿನ ನೀರಿಗೆ ಸೇರಿದ್ದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸೀಮೆಯ ಅರೆಹೊಟ್ಟೆಯ, 8 ಹಿಮೋಗ್ಲೋಬಿನ್ ಇರುವ ಹೆಣ್ಣುಮಗಳಿಗೆ ಆ ತಪ್ಪು ಜೀವಕ್ಕೇ ಬರುತ್ತದೆ.

ಚೀಲ ಹಾಕುವ ಕ್ರಮ ಹೀಗೆ. ಮಗು ಹೊರಬಂದು ಗರ್ಭದ ನೀರು ಹರಿದು ಹೋದ ಮೇಲೆ ಚೀಲವನ್ನು ತಾಯಿಯ ಚಪ್ಪೆಯ ಕೆಳಗೆ ಸೇರಿಸಿ, ದಾರವನ್ನು ಸೊಂಟಕ್ಕೆ ಕಟ್ಟಿ. ಕೊಳವೆಯಂತಿರುವ ಭಾಗ ಟೇಬಲ್ಲಿನ ಅಂಚಿನಿಂದ ನೆಟ್ಟಗೆ ಕೆಳಗೆ ಇಳಿಬಿದ್ದಿರಬೇಕು. ಮಡಿಚಿಕೊಂಡರೆ ಅಳತೆ ಸುಳ್ಳಾಗುತ್ತದೆ. ಮೊದಲೇ ಹಾಕಿದರೆ ಗರ್ಭದ ನೀರು, ಮೂತ್ರ ಸೇರಿ ಅಂಕಿ ಹಿಗ್ಗುತ್ತದೆ. ಮೊದಲ ಒಂದು ತಾಸು, 15 ನಿಮಿಷಕ್ಕೊಮ್ಮೆ ಚೀಲದ ಗೆರೆ, ನಾಡಿ, ಬಿ.ಪಿ., ಗರ್ಭಕೋಶದ ಗಟ್ಟಿತನ ನೋಡಿ ಬರೆಯಬೇಕು. ಚೀಲ ಇಲ್ಲದ ಕಡೆ ತಕ್ಕಡಿ ಬಳಸಿ: ಒಣಗಿದ್ದಾಗ 120 ಗ್ರಾಂ ಇದ್ದ ಬಟ್ಟೆ ನೆನೆದ ಮೇಲೆ 430 ಗ್ರಾಂ ತೂಗಿದರೆ ಹೋದ ರಕ್ತ ಸುಮಾರು 310 ಮಿ.ಲೀ. ಇದಕ್ಕಾಗಿ ಒಣ ಬಟ್ಟೆಯ ತೂಕ ಮೊದಲೇ ಗೋಡೆಯ ಮೇಲೆ ಬರೆದಿಡಬೇಕು.

ಅಳತೆಯೊಂದರಿಂದ ಜೀವ ಉಳಿಯುವುದಿಲ್ಲ, ಅಳತೆ ನೋಡಿದ ಕೂಡಲೇ ಕೈ ಓಡಬೇಕು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಇ-ಮೋಟಿವ್ ಅಧ್ಯಯನದಲ್ಲಿ 500 ಮಿ.ಲೀ. ಮುಟ್ಟಿದ ಕೂಡಲೇ, ಅಥವಾ 300 ದಾಟಿ ನಾಡಿ, ಬಿ.ಪಿ.ಯಂಥ ಒಂದು ಲಕ್ಷಣ ಕೆಟ್ಟ ಕೂಡಲೇ, ಎಲ್ಲವನ್ನೂ ಒಟ್ಟಿಗೆ ಮಾಡಿದರು: ಗರ್ಭಕೋಶ ತಿಕ್ಕುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ನರಕ್ಕೆ ದ್ರವ, ಗಾಯ ಹರಿದಿದೆಯೇ ಎಂದು ಪರೀಕ್ಷೆ. ಒಂದು ಕೊಟ್ಟು ಕಾಯುವುದು, ಆಮೇಲೆ ಇನ್ನೊಂದು ಎನ್ನುವ ಹಳೆಯ ರೂಢಿ ಬಿಟ್ಟರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾದ ಸಾವು ಇವು ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು. 2023ರಲ್ಲಿ ಇದು ಪ್ರಕಟವಾಯಿತು. ಆ ಪಟ್ಟಿಯಲ್ಲಿ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಇರಲಾರದ ವಸ್ತು ಒಂದೂ ಇಲ್ಲ.

ಬ್ಯಾಸಗ್ಯಾಗ ಆಕ್ಸಿಟೋಸಿನ್ ಕೆಲಸ ಮಾಡಂಗಿಲ್ಲ ಅಂತಾರ, ಖರೆ ಏನು?

ಖರೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ದಾಟುತ್ತದೆ, ಹೆರಿಗೆ ಕೋಣೆಯ ಟ್ರೇಯಲ್ಲಿ ದಿನವಿಡೀ ಬಿದ್ದ ಆಂಪ್ಯೂಲು ನೋಡಲು ಹಾಗೇ ಇರುತ್ತದೆ, ಒಳಗಿನ ಶಕ್ತಿ ಕುಗ್ಗಿರುತ್ತದೆ. ಒಂದು ಪಾಳಿಗೆ ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿಡಿ. ಫ್ರಿಜ್ಜಿನ ಉಷ್ಣಾಂಶವನ್ನು ಬೆಳಿಗ್ಗೆ, ಸಂಜೆ ಬರೆಯಿರಿ. ಕರೆಂಟ್ ಹೋದ ಹೊತ್ತನ್ನೂ ಬರೆಯಿರಿ. ಬಾಗಿಲಿನ ಕಪಾಟಿನಲ್ಲಿ ಇಡಬೇಡಿ. 30 ಡಿಗ್ರಿಯವರೆಗೂ ಕೆಡದ ಕಾರ್ಬೆಟೋಸಿನ್ ಎಂಬ ಔಷಧಿಯನ್ನು 10 ದೇಶಗಳ 29,645 ತಾಯಂದಿರಲ್ಲಿ ಆಕ್ಸಿಟೋಸಿನ್ ಜೊತೆ ಹೋಲಿಸಿದರು, 500 ಮಿ.ಲೀ. ರಕ್ತ ಹೋದವರು ಅಥವಾ ಇನ್ನೊಂದು ಔಷಧಿ ಬೇಕಾದವರು ಕ್ರಮವಾಗಿ ನೂರಕ್ಕೆ 14.5 ಮತ್ತು 14.4. ಅಂದರೆ ಎರಡೂ ಸಮ. ಆದರೆ ಆ ಅಧ್ಯಯನದಲ್ಲಿ ಆಕ್ಸಿಟೋಸಿನ್ನನ್ನು ತಣ್ಣಗೆ ಇಟ್ಟಿದ್ದರು, ಇದನ್ನು ಮರೆಯಬಾರದು.

ಟ್ರಾನೆಕ್ಸಾಮಿಕ್ ಅಷ್ಟು ಛಲೋ ಇದ್ರ, ರಕ್ತ ಕಮ್ಮಿ ಇದ್ದೋರಿಗೆ ಮೊದಲೇ ಕೊಟ್ಟುಬಿಡಬಾರದಾ?

ಈ ಆಲೋಚನೆ ಅನುಭವಿ ನರ್ಸ್‌ಗಳಿಗೆಲ್ಲ ಬರುತ್ತದೆ. 21 ದೇಶಗಳ 20,060 ತಾಯಂದಿರಲ್ಲಿ ನಡೆದ ವುಮನ್ ಅಧ್ಯಯನ 2017ರಲ್ಲಿ ತೋರಿಸಿದ್ದು ರಕ್ತಸ್ರಾವ ಶುರುವಾದವರಿಗೆ ಕೊಟ್ಟರೆ ಏನಾಗುತ್ತದೆ ಎಂದು. ಹೆತ್ತ ಮೂರು ತಾಸಿನೊಳಗೆ ಕೊಟ್ಟಾಗ ರಕ್ತಸ್ರಾವದ ಸಾವು ನೂರಕ್ಕೆ 1.7ರಿಂದ 1.2ಕ್ಕೆ ಇಳಿಯಿತು. ತಡವಾದ ಪ್ರತಿ 15 ನಿಮಿಷಕ್ಕೂ ಪ್ರಯೋಜನ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ, ಮೂರು ತಾಸು ದಾಟಿದರೆ ಕೊಡುವಂತಿಲ್ಲ. ಪ್ರಮಾಣ 1 ಗ್ರಾಂ, ನರಕ್ಕೆ, 10 ನಿಮಿಷದಲ್ಲಿ ನಿಧಾನವಾಗಿ. ಅರ್ಧ ತಾಸಿನ ಮೇಲೂ ರಕ್ತ ನಿಲ್ಲದಿದ್ದರೆ ಇನ್ನೊಂದು ಸಲ.

ರಕ್ತ ಕಡಿಮೆ ಇರುವವರಿಗೆ ರಕ್ತಸ್ರಾವಕ್ಕಿಂತ ಮೊದಲೇ ಕೊಟ್ಟು ನೋಡಿದ ಎರಡನೇ ಅಧ್ಯಯನದಲ್ಲಿ 15,068 ತಾಯಂದಿರಿದ್ದರು. ಅತಿ ರಕ್ತಸ್ರಾವ ಕಡಿಮೆಯಾಗಲಿಲ್ಲ. ಚಿಕಿತ್ಸೆಗೆ ಆದದ್ದು ತಡೆಗೂ ಆಗಲೇಬೇಕೆಂದಿಲ್ಲ.

ಕುಬಸ ಆದ ಮ್ಯಾಲ ತವರಿಗೆ ಹೋಗ್ತಾರ, ಆಮ್ಯಾಲ ಫೋನ್ ಹತ್ತಂಗಿಲ್ಲ. ಹಿಂಬಾಲಿಸೋದು ಹ್ಯಾಂಗ?

ಚೊಚ್ಚಲ ಹೆರಿಗೆಯಾದರೆ ತವರಿಗೆ ಹೋಗೇ ಹೋಗುತ್ತಾಳೆಂದು ಮೊದಲ ದಿನವೇ ಇಟ್ಟುಕೊಳ್ಳಿ. ಹೆಸರು ಬರೆದುಕೊಳ್ಳುವಾಗಲೇ ತವರೂರು, ತಾಲೂಕು, ಅಲ್ಲಿನ ಗುರುತಿನ ಗುಡಿ ಅಥವಾ ದರ್ಗಾ, ಅಪ್ಪ ಅಥವಾ ಅಣ್ಣನ ನಂಬರು, ಆ ಊರಿನ ಆಶಾ ಅಕ್ಕನ ನಂಬರು ಕೇಳಿ. ಸಿಮ್ ಬದಲಾಗುತ್ತಲೇ ಇರುತ್ತದೆ, ಮೂರು ನಂಬರಾದರೂ ಬೇಕು. ಔರಾದ್, ಭಾಲ್ಕಿಯವರು ಮಹಾರಾಷ್ಟ್ರಕ್ಕೆ, ಗುರುಮಠಕಲ್, ಸೇಡಂ ಕಡೆಯವರು ತೆಲಂಗಾಣಕ್ಕೆ ಹೋಗುವುದುಂಟು, ಗಡಿ ದಾಟಿದರೆ ನಮ್ಮ ದಾಖಲೆ ಅಲ್ಲಿ ಸಿಗುವುದಿಲ್ಲ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ತಾಂಡಾದವರಿಗೆ ಮುಕಾದಮನ (ಕೂಲಿಯವರನ್ನು ಕರೆದೊಯ್ಯುವವನ) ನಂಬರೂ ಬೇಕು, ಆದರೆ ಅವನಿಗೆ ಅಧ್ಯಯನದ ವಿಷಯ ಹೇಳಬಾರದು. "ಆರೋಗ್ಯ ವಿಚಾರಿಸಬೇಕಿತ್ತು" ಎಂದಷ್ಟೇ.

ಹೆತ್ತ ಮೇಲೆ 42 ದಿನ ಬಾಣಂತಿಯನ್ನು ಹಿಂಬಾಲಿಸುವುದು ಅಂತರರಾಷ್ಟ್ರೀಯ ಲೆಕ್ಕ, ತಾಯಿಮರಣ ಎಂದು ಎಣಿಸುವುದೂ ಆ 42 ದಿನದೊಳಗಿನದನ್ನೇ. ಸಿಗದವರನ್ನು ಬಿಟ್ಟು ಸಿಕ್ಕವರನ್ನಷ್ಟೇ ಎಣಿಸಿದರೆ ಲೆಕ್ಕ ಕೆಡುತ್ತದೆ; ಫೋನ್ ಎತ್ತದ ಮನೆಯಲ್ಲೇ ಸಾವಾಗಿರಬಹುದು.

## ಅಧ್ಯಯನ ಮಾಡುವವರು ಕೇಳುವವು

ನನ್ನ ಪಿ.ಜಿ. ಪ್ರಬಂಧಕ್ಕೆ 60 ಜನ ಸಾಕೇ?

ಏನನ್ನು ಅಳೆಯುತ್ತೀರಿ ಎನ್ನುವುದರ ಮೇಲಿದೆ. ನೂರಕ್ಕೆ 4 ಜನರಲ್ಲಿ ಆಗುವ ತೊಂದರೆ 2ಕ್ಕೆ ಇಳಿಯುತ್ತದೆಯೇ ಎಂದು ನೋಡಲು, ಶೇ 80 ಸಾಮರ್ಥ್ಯ (ನಿಜವಾದ ವ್ಯತ್ಯಾಸವಿದ್ದರೆ ಅದು ಕಾಣುವ ಸಾಧ್ಯತೆ) ಮತ್ತು ಶೇ 5 ತಪ್ಪಿನ ಮಿತಿಯಲ್ಲಿ (ಇಲ್ಲದ ವ್ಯತ್ಯಾಸ ಇದೆಯೆಂದು ಕಾಣುವ ಸಾಧ್ಯತೆ), ಪ್ರತಿ ಗುಂಪಿಗೆ ಸುಮಾರು 1,140 ಜನ ಬೇಕು. 4ರಿಂದ 3ಕ್ಕೆ ಎಂದರೆ ಸುಮಾರು 5,300. ಮೂವತ್ತು ಮೂವತ್ತು ಜನರ ಎರಡು ಗುಂಪಿನಲ್ಲಿ ಅಂಥ ಘಟನೆ ಒಂದೋ ಎರಡೋ ಸಿಕ್ಕೀತು. ಅದರ ಮೇಲೆ "ವ್ಯತ್ಯಾಸವಿಲ್ಲ" ಎಂದು ಬರೆಯುವುದು ಸುಳ್ಳು ಬರೆದಂತೆ.

ಚಿಕ್ಕ ಪ್ರಬಂಧಕ್ಕೆ ಅಂಕಿಯಲ್ಲಿ ಅಳೆಯಬಹುದಾದದ್ದನ್ನು ಆರಿಸಿಕೊಳ್ಳಿ. ಹಿಮೋಗ್ಲೋಬಿನ್‌ನ ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1.2 ಇದ್ದು, 0.6ರ ವ್ಯತ್ಯಾಸ ಹಿಡಿಯಬೇಕಿದ್ದರೆ ಗುಂಪಿಗೆ 63 ಜನ ಸಾಕು. ನೂರಕ್ಕೆ 10 ಜನ ಕೈಬಿಟ್ಟು ಹೋಗುತ್ತಾರೆಂದು 70 ಇಟ್ಟುಕೊಳ್ಳಿ. ವಿಚಲನೆಯ ಅಂಕಿಯನ್ನು ನಿಮ್ಮದೇ ಆಸ್ಪತ್ರೆಯ ಹಳೆಯ ದಾಖಲೆಯಿಂದ ತೆಗೆಯಿರಿ, ಬೇರೆ ಊರಿನ ಲೇಖನದಿಂದಲ್ಲ.

ಮುಚ್ಚಿದ ಲಕೋಟೆ ಬಳಸುತ್ತಿದ್ದೇವೆ. ಆದರೂ ಪರೀಕ್ಷಕರು ಪ್ರಶ್ನೆ ಎತ್ತುತ್ತಾರೆ, ಯಾಕೆ?

ಯಾರಿಗೆ ಯಾವ ಔಷಧಿ ಎಂಬ ಚೀಟಿಯಿರುವ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಓದಿದ್ದು, ಇಷ್ಟವಾಗದ ಚೀಟಿ ಬಂದಾಗ ಮುಂದಿನದನ್ನು ಒಡೆದದ್ದು ಎಷ್ಟೋ ಕಡೆ ಆಗಿದೆ. ಒಳಗೆ ಅಲ್ಯೂಮಿನಿಯಂ ಹಾಳೆ ಇಡಿ, ಕ್ರಮಸಂಖ್ಯೆ ಹಾಕಿ. ಒಡೆಯುವ ಮೊದಲೇ ಮೇಲೆ ಹೆಸರು, ಹೊತ್ತು ಬರೆಯಬೇಕು. ಒಳಗೆ ಕಾರ್ಬನ್ ಇದ್ದರೆ ಅದೇ ಬರಹ ಚೀಟಿಯ ಮೇಲೂ ಮೂಡುತ್ತದೆ, ಆಮೇಲೆ ಬದಲಿಸಲಾಗದು. ಎರಡೂ ಗುಂಪಿನ ಚೀಟಿ ಸಮಸಮ ಇರುವ ನಾಲ್ಕು ನಾಲ್ಕರ ಕಟ್ಟು ಮಾಡಿದರೆ ಮೂರು ಒಡೆದ ಮೇಲೆ ನಾಲ್ಕನೆಯದು ಎಲ್ಲರಿಗೂ ಗೊತ್ತು. 4, 6, 8 ಎಂದು ಕಟ್ಟಿನ ಗಾತ್ರವನ್ನು ಬೆರೆಸಿ, ಗಾತ್ರವನ್ನು ವಾರ್ಡಿನವರಿಗೆ ಹೇಳಬೇಡಿ. ಸೋಮವಾರ ಒಂದು, ಮಂಗಳವಾರ ಒಂದು ಎನ್ನುವ ಹಂಚಿಕೆ ಬೇಡವೇ ಬೇಡ. ಯಾರನ್ನು ಯಾವ ದಿನ ಸೇರಿಸಬೇಕೆಂದು ಜನ ಆರಿಸತೊಡಗುತ್ತಾರೆ.

ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಸಿದರೆ ಆಯಿತಲ್ಲವೇ?

"ಯಾದೃಚ್ಛಿಕ ಹಂಚಿಕೆ", "ಪ್ರತಿಕೂಲ ಘಟನೆ" ಎಂದು ಬರೆದರೆ ಚಿತ್ತಾಪುರದ ಹೆಣ್ಣುಮಗಳಿಗೆ ಇಂಗ್ಲಿಷೂ ಅದೇ, ಕನ್ನಡವೂ ಅದೇ. ಚೀಟಿ ಎತ್ತುವುದು, ಔಷಧಿ ಇಲ್ಲದ ಗುಳಿಗೆ, ಕಸ ಬೀಳುವುದು, ಬ್ಯಾನಿ, ರಕ್ತ ಹೋಗುವುದು ಎಂದೇ ಬರೆಯಿರಿ. "ಸ್ವಲ್ಪ ರಕ್ತ ತೆಗೆಯುತ್ತೇವೆ" ಎನ್ನಬೇಡಿ, "ಒಂದು ಚಮಚದಷ್ಟು, ಅಂದರೆ 5 ಮಿ.ಲೀ., ಎರಡು ಸಲ" ಎನ್ನಿ. ರಕ್ತ ಮಾರಿಕೊಳ್ಳುತ್ತಾರೆಂಬ ಗುಸುಗುಸು ಹುಟ್ಟುವುದು ಈ "ಸ್ವಲ್ಪ"ದಿಂದಲೇ.

ಬೀದರಿನಲ್ಲಿ ಮರಾಠಿ, ಉರ್ದು, ಗಡಿಯಲ್ಲಿ ತೆಲುಗು ಪ್ರತಿಗಳೂ ಬೇಕು. ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಕಾರ್ಯಕರ್ತೆ ಬಾಯಲ್ಲಿ ಹೇಳಬೇಕು. ಹೇಳುವ ಮಾತನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆದಿಟ್ಟು ನೀತಿ ಸಮಿತಿಗೆ ತೋರಿಸಿ, ಇಲ್ಲವಾದರೆ ಪ್ರತಿ ಸಲ ಬೇರೆ ಬೇರೆ ಹೇಳುತ್ತಾರೆ. ಅನುವಾದವನ್ನು ಮೂಲ ನೋಡದ ಒಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ.

ಓದಿ ಮುಗಿಸಿದ ಮೇಲೆ "ತಿಳೀತೇನವ್ವ" ಎಂದು ಕೇಳಬೇಡಿ, ಎಲ್ಲರೂ ತಿಳೀತು ಎನ್ನುತ್ತಾರೆ. "ನಿಮ್ಮ ಅವ್ವನಿಗೆ ಇದನ್ನ ಹ್ಯಾಂಗ ಹೇಳ್ತಿ" ಎಂದು ಕೇಳಿ. ನಾಲ್ಕು ಸಂಗತಿ ಅವಳ ಬಾಯಿಂದ ಬರಬೇಕು: ಇದು ಅಧ್ಯಯನ, ಔಷಧಿ ಚೀಟಿಯ ಮೇಲೆ, ತೊಂದರೆ ಏನಾಗಬಹುದು, ಯಾವಾಗ ಬೇಕಾದರೂ ಬಿಡಬಹುದು. ಒಂದು ತಪ್ಪಿದರೂ ಮತ್ತೆ ಹೇಳಿ. ಚಿಕಿತ್ಸೆ ಕೊಡುವ ವೈದ್ಯರೇ ಒಪ್ಪಿಗೆ ಕೇಳದಿರುವುದು ಮೇಲು, ಅವರೆದುರು ಒಲ್ಲೆ ಎನ್ನುವ ಧೈರ್ಯ ಯಾವ ಬಸುರಿಗೂ ಸುಲಭಕ್ಕೆ ಬರುವುದಿಲ್ಲ.

ಹೊಸ ಹೆರಿಗೆ ಕ್ರಮವೊಂದನ್ನು ಪರೀಕ್ಷಿಸಬೇಕು. ತಾಯಂದಿರ ಬದಲು ಪಿಎಚ್‌ಸಿಗಳನ್ನೇ ಎರಡು ಗುಂಪು ಮಾಡಬಹುದೇ?

ಮಾಡಬೇಕಾಗುತ್ತದೆ. ನರ್ಸ್‌ಗೆ ಕಲಿಸಿದ ಕೆಲಸವನ್ನು ಈ ತಾಯಿಗೆ ಮಾಡು, ಪಕ್ಕದ ಮಂಚದವಳಿಗೆ ಮರೆತುಬಿಡು ಎನ್ನಲು ಬರುವುದಿಲ್ಲ. ಆದರೆ ಒಂದೇ ಪಿಎಚ್‌ಸಿಯ ತಾಯಂದಿರು ಒಬ್ಬರಿಗೊಬ್ಬರು ಹೋಲುತ್ತಾರೆ, ಅದಕ್ಕಾಗಿ ಸಂಖ್ಯೆ ಹಿಗ್ಗಿಸಬೇಕು. ಕೇಂದ್ರಕ್ಕೆ 51 ತಾಯಂದಿರು, ಒಳಹೋಲಿಕೆಯ ಗುಣಾಂಕ (ಈ ಹೋಲಿಕೆ ಎಷ್ಟೆಂಬ ಅಳತೆ) 0.02 ಎಂದರೆ 1 + 50 × 0.02, ಅಂದರೆ ಎರಡು ಪಟ್ಟು. ಕೇಂದ್ರಗಳ ಸಂಖ್ಯೆ ಹೆಚ್ಚಿಸಿದರೆ ಬಲ ಬರುತ್ತದೆ, ಅದೇ ಕೇಂದ್ರದಲ್ಲಿ ಇನ್ನಷ್ಟು ತಾಯಂದಿರನ್ನು ಸೇರಿಸಿದರೆ ಅಷ್ಟಾಗಿ ಬರುವುದಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಯ ಅನುಮತಿ ಕೇಂದ್ರಕ್ಕೆ ಸಾಕು, ಅದು ತಾಯಿಯ ಒಪ್ಪಿಗೆಯ ಬದಲಿಯಾಗದು.

ಬೇರೆ ಕಡೆ ಗೆದ್ದ ಔಷಧಿಯನ್ನು ಇಲ್ಲಿ ಮತ್ತೆ ಪರೀಕ್ಷಿಸುವ ಅಗತ್ಯವೇನು?

ದಿನ ತುಂಬುವ ಮೊದಲೇ ಹೆರಿಗೆಯಾಗುವಂತಿದ್ದರೆ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ಕಥೆ ನೋಡಿ. ಶ್ರೀಮಂತ ದೇಶಗಳಲ್ಲಿ ಅದು ಮಕ್ಕಳನ್ನು ಉಳಿಸಿತ್ತು. ಬೆಳಗಾವಿ, ನಾಗಪುರವೂ ಸೇರಿ ಆರು ದೇಶಗಳ ಹಳ್ಳಿಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳ ಮೇಲೆ ಅದನ್ನು ವ್ಯಾಪಕವಾಗಿ ಕೊಟ್ಟು ನೋಡಿದಾಗ, 2015ರ ಫಲಿತಾಂಶ ಉಲ್ಟಾ ಬಂತು: ಒಟ್ಟಾರೆ ನವಜಾತ ಶಿಶುಮರಣ ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತ್ತು. ಚುಚ್ಚಿಸಿಕೊಂಡ ಎಷ್ಟೋ ತಾಯಂದಿರಿಗೆ ನಿಜವಾಗಿ ದಿನ ತುಂಬಿತ್ತು. ಗರ್ಭದ ವಾರಗಳ ಲೆಕ್ಕ ಸರಿಯಿರಲಿಲ್ಲ, ಸೋಂಕು ನೋಡುವ ವ್ಯವಸ್ಥೆಯೂ ಇರಲಿಲ್ಲ. ಆಮೇಲೆ ಭಾರತವೂ ಸೇರಿ ಐದು ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್‌ನಿಂದ ವಾರ ಖಾತ್ರಿ ಮಾಡಿಕೊಂಡು, ಸೋಂಕು ಇದ್ದವರನ್ನು ಬಿಟ್ಟು, ನವಜಾತರ ಆರೈಕೆ ಇರುವಲ್ಲಿ 2,852 ತಾಯಂದಿರಿಗೆ ಅದೇ ಔಷಧಿಯನ್ನು ಪರೀಕ್ಷಿಸಿದರು. ನವಜಾತ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು, ಅದು 2020ರ ಮಾತು. ಔಷಧಿ ಅದೇ, ಬದಲಾದದ್ದು ಅದನ್ನು ಕೊಡುವ ಜಾಗ ಮತ್ತು ಅಳತೆ.

ಮುಖ್ಯ ಫಲಿತಾಂಶವನ್ನು ಆರಿಸುವಾಗ ಎಲ್ಲಿ ಎಡವುತ್ತೇವೆ?

ಎರಡು ಮೂರು ಘಟನೆಗಳನ್ನು ಒಟ್ಟುಗೂಡಿಸಿ ಒಂದೇ ಫಲಿತಾಂಶ ಮಾಡುವಾಗ. ಮೇಲೆ ಹೇಳಿದ ವುಮನ್ ಅಧ್ಯಯನದಲ್ಲಿ ಮೊದಲು "ಸಾವು ಅಥವಾ ಗರ್ಭಕೋಶ ತೆಗೆಯುವುದು" ಎಂದು ಇಟ್ಟಿದ್ದರು. ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಗರ್ಭಕೋಶ ತೆಗೆಯುವ ನಿರ್ಧಾರ ಎಷ್ಟೋ ಸಲ ಔಷಧಿ ಕೊಡುವ ಹೊತ್ತಿಗೇ ಆಗಿಬಿಟ್ಟಿರುತ್ತಿತ್ತು. ಔಷಧಿ ಅದನ್ನು ಹೇಗೆ ತಡೆದೀತು? ನಿಮ್ಮ ಔಷಧಿ ಮುಟ್ಟಬಲ್ಲ ಘಟನೆಯನ್ನೇ ಆರಿಸಿ, ಆರಿಸಿದ್ದನ್ನು ನೋಂದಣಿಯಲ್ಲಿ ಮೊದಲೇ ಬರೆದಿಡಿ, ಬದಲಿಸಿದರೆ ದತ್ತಾಂಶ ತೆರೆದು ನೋಡುವ ಮೊದಲೇ ಕಾರಣದೊಂದಿಗೆ ಬದಲಿಸಿ.

ಫಲಿತಾಂಶ ಬಂದ ಮ್ಯಾಲ ನಮ್ಮೂರಿಗೆ ಯಾರು ಬಂದು ಹೇಳ್ತಾರ್ರಿ?

ಇದನ್ನು ಕೇಳಿದ್ದು ಆಶಾ ಕಾರ್ಯಕರ್ತೆಯರು, ಆದರೆ ಉತ್ತರ ಕೊಡಬೇಕಾದವರು ಅಧ್ಯಯನ ಮಾಡಿದವರು, ಅದಕ್ಕೇ ಇಲ್ಲಿಟ್ಟಿದೆ. ಬಂದು ಹೇಳುವ ಖರ್ಚನ್ನು ಅರ್ಜಿಯ ಬಜೆಟ್ಟಿನಲ್ಲೇ ತೋರಿಸಿ, ಆಮೇಲೆ ಹಣ ಉಳಿಯುವುದಿಲ್ಲ. ಒಂದು ಪುಟ, ದೊಡ್ಡ ಅಕ್ಷರ, ಕನ್ನಡ ಮತ್ತು ಉರ್ದು. ಎಷ್ಟು ಜನ ಸೇರಿದ್ದರು, ಏನು ಸಿಕ್ಕಿತು, ಇನ್ನು ಮುಂದೆ ದವಾಖಾನೆಯಲ್ಲಿ ಏನು ಬದಲಾಗುತ್ತದೆ. ಔಷಧಿಯಿಂದ ಉಪಯೋಗವಾಗಲಿಲ್ಲ ಎಂದಾದರೆ ಅದನ್ನೂ ಹೇಳಿ. ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆಗೆ ಎಲ್ಲರೂ ಪಿಎಚ್‌ಸಿಗೆ ಬರುತ್ತಾರೆ, ಆ ದಿನ ಬೆಳಿಗ್ಗೆ ಹತ್ತು ನಿಮಿಷ ಸಾಕು. ಯಾರಿಗೆ ಯಾವ ಚೀಟಿ ಬಂದಿತ್ತು ಎಂದು ಸಭೆಯಲ್ಲಿ ಹೇಳಬಾರದು. ಕೇಳಿದವಳಿಗೆ ಪ್ರತ್ಯೇಕವಾಗಿ, ಅವಳೊಬ್ಬಳಿಗೇ ಹೇಳಿ.